ಕುಣಿ ಎಂಬ ಶಬ್ದ ಸಿಕ್ಕ ಗುರುವಾರ

ಮಾಸ್ತರರು ಮೊದಲ ಗುರುವಾರವೇ ಕೇಳಿದ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದು ತಪ್ಪೆಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಊಹಿಸಿದ್ದು ಎಲ್ಲಾದರೂ ಇದ್ದರೆ ಅದನ್ನು ಊಹೆ ಎಂದೇ ಹೇಳುತ್ತೇನೆ.

ನಾನು ಅಥಣಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಆ ವರ್ಷ ಒಂದು ಹಳೆಯ ಜರ್ಮನ್ ಪದ್ಯನಾಟಕದ ಆಶಯ ಮತ್ತು ಸಂಕೇತಗಳ ಬಗ್ಗೆ ಕನ್ನಡದಲ್ಲಿ ಒಂದು ಅಧ್ಯಯನ ಬರೆದುಕೊಡಲು ಒಪ್ಪಿಕೊಂಡಿದ್ದೆ. ಎಲ್ಲ ವಿದ್ಯೆ ಕಲಿತೂ ತೃಪ್ತಿಯಾಗದ ವಿದ್ವಾಂಸನೊಬ್ಬ ಸೈತಾನನೊಡನೆ ಕರಾರು ಮಾಡಿಕೊಳ್ಳುವ ಕಥೆ ಅದು. ನನಗೆ ಜರ್ಮನ್ ಬರುವುದಿಲ್ಲ. ಎರಡು ಇಂಗ್ಲಿಷ್ ಅನುವಾದಗಳನ್ನು ಎದುರುಬದುರು ಇಟ್ಟುಕೊಂಡು ಓದುತ್ತಿದ್ದೆ. ಪ್ರತಿ ಸಂಕೇತಕ್ಕೂ ಒಂದು ಚೀಟಿ. ಚೀಟಿಯಲ್ಲಿ ನಾಲ್ಕು ಸಾಲು: ಅದು ಬರುವುದು ಎಲ್ಲಿ, ನೋಡಿದವರು ಯಾರು, ಕೇಳಿಸಿಕೊಂಡವರು ಯಾರು, ಮೋಸಹೋದವರು ಯಾರು. ಕರಿನಾಯಿ, ಹೊಸ್ತಿಲ ಮೇಲಿನ ಗುರುತು, ರಕ್ತದ ಸಹಿ, ಕನ್ನಡಿ ಇವೆಲ್ಲ 'ನೋಡಿದವರು' ಸಾಲಿನಲ್ಲಿ ಸಲೀಸಾಗಿ ತುಂಬಿಕೊಂಡವು. ಕೊನೆಯ ಅಂಕಕ್ಕೆ ಬಂದಾಗ ಆ ಸಾಲು ಖಾಲಿ ಉಳಿಯತೊಡಗಿತು. ಅಲ್ಲಿ ಎಲ್ಲವೂ ಕಿವಿಗೇ ಬರುತ್ತದೆ: ಗಂಟೆ, ಸೀರೆಯಂಥ ಬಟ್ಟೆಯ ಸರಪರ, ಸಲಿಕೆಗಳ ಸದ್ದು.

ಆ ಅಂಕದಲ್ಲಿ ವಿದ್ವಾಂಸ ತೀರ ಮುದುಕ. ಸಮುದ್ರಕ್ಕೆ ಒಡ್ಡು ಕಟ್ಟಿಸಿ ಹೊಸ ನೆಲ ಮಾಡಿಸುತ್ತಿದ್ದಾನೆ. ಕಣ್ಣು ಹೋಗುತ್ತದೆ. ಹೊರಗೆ ಅಗೆಯುವ ಸದ್ದು ಕೇಳಿ ತನ್ನ ಕಾಲುವೆ ಮುಂದುವರಿಯುತ್ತಿದೆ ಎಂದು ಹಿಗ್ಗುತ್ತಾನೆ. ಹೊರಗೆ ತೋಡುತ್ತಿರುವುದು ಅವನದೇ ಗೋರಿ. ಮೇಲ್ವಿಚಾರಕನ ವೇಷದಲ್ಲಿರುವ ಸೈತಾನ ಅಲ್ಲಿ ಒಂದು ಶಬ್ದಚಮತ್ಕಾರದ ಮಾತಾಡುತ್ತಾನೆ. ಎರಡು ಅನುವಾದಗಳೂ ಅದನ್ನು ಬೇರೆ ಬೇರೆ ರೀತಿಯಲ್ಲಿ ಕೊಂದಿದ್ದವು. ನನ್ನ ಅಧ್ಯಯನ ಅಲ್ಲಿಗೆ ನಿಂತಿತು.

ಸತ್ತಿಯಲ್ಲಿ ಜರ್ಮನ್ ಬಲ್ಲ ನಿವೃತ್ತ ಮಾಸ್ತರರೊಬ್ಬರಿದ್ದಾರೆ ಎಂದು ನಮ್ಮ ಗ್ರಂಥಪಾಲಕರು ಹೇಳಿದರು. ಹರೆಯದಲ್ಲಿ ಪುಣೆಯಲ್ಲಿ ಕಲಿತಿದ್ದರಂತೆ. ಮೂವತ್ತು ವರ್ಷ ಕೂತು ಇದೇ ನಾಟಕವನ್ನು ಕನ್ನಡಕ್ಕೆ ತಂದಿದ್ದರಂತೆ. ಈಗ ಎರಡೂ ಕಣ್ಣಿಲ್ಲ. ಗುರುವಾರ ಮಧ್ಯಾಹ್ನ ನನಗೆ ತರಗತಿ ಇರಲಿಲ್ಲ. ಬಸ್ಸು ಹಿಡಿದು ಹೋದೆ.

ಬಸ್ಸಿಳಿದು ಅವರ ಮನೆಗೆ ಒಂದು ಓಣಿ. ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ಕಬ್ಬು. ಅವರ ಮನೆಗಿಂತ ಒಂದು ಮನೆ ಮೊದಲು, ಎಮ್ಮೆ ಕಟ್ಟಿದ ಅಂಗಳದ ಕಟ್ಟೆಯ ಮೇಲೆ ಒಬ್ಬ ಮುದುಕ ಬರಿಗಾಲಲ್ಲಿ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ನಾನು ನಮಸ್ಕಾರ ಮಾಡಿದೆ. ಅವನು ಕಬ್ಬಿನ ಕಡೆ ನೋಡಿದ.

ಮಾಸ್ತರರು ಗೋಡೆಗೆ ಬೆನ್ನು ಕೊಟ್ಟು ಹೊರಸಿನ ಮೇಲೆ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಮಾತಾಡಿದರು.

"ಬರ್ರಿ ಬಾಯಾರ. ಕಾಲೇಜಿನವರು ಫೋನ್ ಮಾಡಿದ್ರು. ನಿಮ್ಮ ಕೂಡ ಬಂದವರು ಯಾರು?"

"ಯಾರೂ ಇಲ್ರಿ ಸರ್. ನಾನೊಬ್ಬಾಕೀನ ಬಂದೀನಿ."

"ಹೌದ? ಎರಡ ಸಪ್ಪಳ ಕೇಳಿಸಿದ್ವು. ಒಂದು ಚಪ್ಪಲಿದು, ಒಂದು ಬರಿಗಾಲಿಂದು. ಬರಿಗಾಲು ಗ್ವಾಡಿ ಮೂಲಿಗಿ ನಿಂತಿತು."

"ಇಲ್ರಿ. ಯಾರೂ ಇಲ್ಲ."

ಅವರು ಕೈಯಿಂದ ತಡವಿ ಕುರ್ಚಿಯನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಇರಲಿ, ಕೂಡ್ರಿ" ಎಂದರು.

ನಮ್ಮ ಒಪ್ಪಂದ ಅದೇ ದಿನ ಆಯಿತು. ಅವರು ನನಗೆ ಮೂಲದ ಅರ್ಥ ಬಿಡಿಸಿ ಹೇಳುವುದು, ನಾನು ಅವರ ಕೊನೆಯ ಅಂಕವನ್ನು ಮತ್ತೆ ಬರೆದುಕೊಡುವುದು. ಮೊದಲ ಅಂಕಗಳ ಪ್ರತಿ ಅವರಲ್ಲಿತ್ತು. ಕೊನೆಯದರ ವಹಿಗಳು ಕೃಷ್ಣೆಯ ಮಹಾಪೂರದಲ್ಲಿ ಹೋಗಿದ್ದವು. ಅಷ್ಟರಲ್ಲಿ ಕಣ್ಣೂ ಹೋಯಿತು. ಉಳಿದದ್ದು ನೆನಪು ಮಾತ್ರ, ಅದೂ ಈಚೆಗೆ ಅಲ್ಲಲ್ಲಿ ಕೈಕೊಡುತ್ತಿತ್ತು. "ಪೂರಾ ಅಳಿಸಿ ಹೋಗೂದರಾಗ ಬರದ ಮುಗಸಬೇಕು" ಎಂದರು. ಎದೆಯ ತೊಂದರೆಯೂ ಇತ್ತು. ಎರಡು ಬಾರಿ ಮಿರಜದ ಆಸ್ಪತ್ರೆಗೆ ಹೋಗಿ ಬಂದಿದ್ದರು.

ಪದ್ಧತಿ ಹೀಗಿತ್ತು. ಉದ್ದನೆಯ ವಹಿಯ ಎಡಪುಟದಲ್ಲಿ ನೇರ ಅರ್ಥ, ಬಲಪುಟದಲ್ಲಿ ಪದ್ಯ. ಅವರು ಜರ್ಮನ್ ಸಾಲನ್ನು ಮೂರು ಸಲ ಹೇಳುವರು, ಅರ್ಥ ಹೇಳುವರು, ಆಮೇಲೆ ಬೆರಳಲ್ಲಿ ಮಾತ್ರೆ ಎಣಿಸುತ್ತ ಕನ್ನಡ ಕಟ್ಟುವರು. ನಾನು ಬರೆದು ಓದಿ ತೋರಿಸಬೇಕು. ಓದುವಾಗ ಅವರದು ಒಂದೇ ಹಟ.

"ಜೋರಾಗಿ ಓದ್ರಿ. ಕಿಡಕಿ ಕಡೆ ಮಾರಿ ಮಾಡಿ ಓದ್ರಿ, ಅಲ್ಲೆ ಬೆಳಕ ಐತಿ."

ಕಿಟಕಿ ಎತ್ತರದಲ್ಲಿತ್ತು. ಅದರಾಚೆ ಬೇವಿನ ಟೊಂಗೆ, ಅದರಾಚೆ ಕಬ್ಬಿನ ಗರಿ, ಇಷ್ಟೇ ಕಾಣುತ್ತಿತ್ತು. ಅವರ ಕಿವಿ ಸ್ವಲ್ಪ ಮಂದವಿರಬಹುದೆಂದು ಭಾವಿಸಿ ನಾನು ಗಂಟಲೆತ್ತಿ ಓದುತ್ತಿದ್ದೆ. ಓಣಿಯಲ್ಲಿ ಬರಿಗಾಲಿನ ಸಪ್ಪಳ ಕೇಳಿಸಿಕೊಳ್ಳುವವರ ಕಿವಿ ಮಂದವಿರಲು ಹೇಗೆ ಸಾಧ್ಯ ಎಂದು ನನಗೆ ಹೊಳೆಯಲಿಲ್ಲ. ಸಂಕೇತಗಳನ್ನು ಹುಡುಕಲು ಹೋದವಳು ನಾನು.

ನಾಲ್ಕು ಗಂಟೆಗೆ ಅವರ ಸೊಸೆ ಚಹಾ ತರುತ್ತಿದ್ದಳು. ತಾಟಿನಲ್ಲಿ ಮೂರು ಕಪ್ಪು. ಎರಡು ನಮಗೆ ಕೊಟ್ಟು ಮೂರನೆಯದನ್ನು ಹಿತ್ತಲ ಕಡೆ ಒಯ್ಯುತ್ತಿದ್ದಳು.

"ಮೂರನೇದ್ದು ಯಾರಿಗಿ?" ಎಂದು ಒಮ್ಮೆ ಕೇಳಿದೆ.

"ನಿಮ್ಮ ಸೈತಾನಗ್ರಿ" ಎಂದು ನಕ್ಕಳು. "ಗುರುವಾರಕ್ಕೊಮ್ಮೆ ಮಧ್ಯಾಹ್ನ ಅವನ ಹೆಸರ ಹಿಡದ ಒದರತೀರಿ. ಪಾಪ, ಅವಗೂ ಬಾಯಿ ಒಣಗಿರತೈತಿ."

"ಸಕ್ಕರಿ ಕಮ್ಮಿ ಹಾಕವ್ವ ಅವಗ" ಎಂದರು ಮಾಸ್ತರರು. ಅವರ ಮುಖದಲ್ಲಿ ನಗು ಇರಲಿಲ್ಲ.

ಎರಡನೆಯ ಗುರುವಾರವೂ ಅದೇ ಪ್ರಶ್ನೆ. ಮೂರನೆಯದಕ್ಕೂ. "ನಿಮ್ಮ ಕೂಡ ಯಾರು ಬಂದಾರ?" ನಾನು ಪ್ರತಿ ಸಲ ಸ್ಪಷ್ಟವಾಗಿ, ಜೋರಾಗಿ, "ಯಾರೂ ಇಲ್ರಿ" ಎನ್ನುತ್ತಿದ್ದೆ. ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಎರಡನೆಯ ವಾರದಿಂದ ಆ ಓಣಿಯಲ್ಲಿ ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದೆ. ಕಬ್ಬು ಆಳೆತ್ತರ ಬೆಳೆದಿತ್ತು, ಗಾಳಿ ಇಲ್ಲದಾಗಲೂ ಒಳಗೆ ಏನೋ ಸರಿಯುತ್ತಿತ್ತು. ಒಂದು ದಿನ, ಅದು ಐದನೆಯದೋ ಆರನೆಯದೋ ಗುರುವಾರ, ನನ್ನ ಚಪ್ಪಲಿಯ ಸದ್ದು ನಿಂತ ಮೇಲೆ ಇನ್ನೊಂದು ಹೆಜ್ಜೆ ಬಿದ್ದದ್ದು ನನಗೂ ಕೇಳಿಸಿತು. ಮೆತ್ತಗೆ, ಮಣ್ಣಿಗೆ ಅಂಗಾಲು ತಾಗಿದ ಹಾಗೆ. ಹಿಂತಿರುಗಿ ನೋಡಲು ಧೈರ್ಯವಾಗಲಿಲ್ಲ. ಅವತ್ತೂ ಒಳಗೆ ಹೋಗಿ, "ಯಾರೂ ಇಲ್ರಿ" ಎಂದೆ.

ನಾಟಕದಲ್ಲಿ ಮುದುಕ ದಂಪತಿಯ ಗುಡಿಸಲು ಸುಡುವ ದೃಶ್ಯ ಬರೆಯುತ್ತಿದ್ದಾಗ ಹೊಳೆಯ ಆಚೆ ಯಾರೋ ಕಬ್ಬಿನ ಒಣಗರಿಯ ರವದಿಗೆ ಬೆಂಕಿ ಹಚ್ಚಿದ್ದರು. ಕರಿಬೂದಿಯ ಎಳೆಗಳು ಕಿಟಕಿಯಿಂದ ತೇಲಿ ಬಂದು ಬಲಪುಟದ ಮೇಲೆ ಕೂತವು. ಊದಿದರೆ ಪುಡಿಯಾಗಿ ಅಕ್ಷರಕ್ಕೆ ಮೆತ್ತಿಕೊಂಡವು. ಮುಂದಿನ ವಾರ ನಾಲ್ವರು ಬೂದುಬಣ್ಣದ ಹೆಂಗಸರ ದೃಶ್ಯ. ಮೂವರು ಬಾಗಿಲಿಂದಲೇ ಹಿಂದಿರುಗುತ್ತಾರೆ. ನಾಲ್ಕನೆಯವಳು ಚಿಂತೆ. ಅವಳು ಕೀಲಿಕಂಡಿಯಿಂದ ಒಳಗೆ ಬಂದು ಮುದುಕನ ಕಣ್ಣಿಗೆ ಉಸಿರು ಊದುತ್ತಾಳೆ. ಮುಚ್ಚಿದ ಕೋಣೆಯಲ್ಲಿ ತನ್ನ ಹೊರತು ಇನ್ನೊಬ್ಬರಿದ್ದಾರೆ ಎಂದು ಮುದುಕ ಶಂಕಿಸುವ ಸಾಲುಗಳನ್ನು ಓದುತ್ತಿದ್ದಾಗ ಕೋಣೆಯಲ್ಲಿ ತಂಬಾಕಿನ ವಾಸನೆ ಹರಡಿತು. ಹಸಿ ಸುಣ್ಣದ ಘಾಟು ಕೂಡ. ಮಾಸ್ತರರಿಗೆ ತಂಬಾಕಿನ ಚಟ ಇರಲಿಲ್ಲ. ನಾನು ಓದು ನಿಲ್ಲಿಸಿದೆ.

"ಯಾಕ ನಿಂತ್ರಿ?"

"ಸರ್, ಇಲ್ಲೆ ಯಾರೋ..."

"ಹೇಳ್ರಿ. ಯಾರು?" ಅವರು ಹೊರಸಿನಿಂದ ಮುಂದಕ್ಕೆ ಬಾಗಿದರು. ಕುರುಡು ಕಣ್ಣು ನೇರ ನನ್ನ ಮೇಲಿದ್ದವು.

ವಿದ್ಯಾವಂತೆ ಎನಿಸಿಕೊಂಡವಳು ವಾಸನೆಗೆ ಹೆದರಿದೆ ಎಂದು ಹೇಳಲು ನಾಚಿಕೆಯಾಯಿತು. "ಏನಿಲ್ರಿ" ಎಂದೆ. ಅವರು ಹಿಂದೆ ಒರಗಿದರು. ಅವತ್ತು ಮತ್ತೆ ಪದ್ಯ ಕಟ್ಟಲಿಲ್ಲ. ಅದರ ಬದಲು ವಹಿಗಳು ಹೋದ ಕಥೆ ಹೇಳಿದರು.

"ಬಾಜೂ ಮನ್ಯಾಗ ಇರಾಂವ ನಮ್ಮ ಅಣ್ಣ. ಹೇಂತಿ ಮಕ್ಕಳಿಲ್ಲ. ಮಹಾಪೂರ ಬಂದಾಗ ನಾವೆಲ್ಲ ಮೊದಲ ದೋಣ್ಯಾಗ ಹೋದಿವಿ. ನನ್ನ ಟ್ರಂಕ ತರಲಿಕ್ಕಿ ಅವಗ ಹೇಳಿದ್ದೆ. ಕಡೀ ದೋಣ್ಯಾಗ ಜಾಗಾ ಒಂದಕ್ಕ ಇತ್ತಂತ. ಟ್ರಂಕ ಬಿಟ್ಟ, ಎಮ್ಮೀ ಕರಾ ಹೇರಿಕೊಂಡ ಬಂದ. ಯಾಕಂತ ಕೇಳಿದ್ರ ಏನಂದ ಗೊತ್ತೇನ್ರಿ? 'ಕರಾ ಒದರತಿತ್ತು, ತಮ್ಮಾ. ಟ್ರಂಕ ಒದರಲಿಲ್ಲ.' ಅವತ್ತಿನಿಂದ ಮಾತಿಲ್ಲ."

ಇಷ್ಟು ಹೇಳುವಾಗ ಅವರ ದನಿ ಸಣ್ಣದಾಗಲಿಲ್ಲ, ದೊಡ್ಡದಾಯಿತು. ಕೋಣೆಯಲ್ಲಿರುವ ಒಬ್ಬಳಿಗೆ ಹೇಳುವ ದನಿಯಲ್ಲ ಅದು.

ಕೊನೆಗೆ ನಾವು ಸಲಿಕೆಗಳ ದೃಶ್ಯಕ್ಕೆ ಬಂದೆವು. ಮೂಲದಲ್ಲಿ ಕಾಲುವೆಗೂ ಗೋರಿಗೂ ಒಂದೇ ಬೇರಿನ ಪದ, ನಡುವೆ ಒಂದು ತುಣುಕಿನ ವ್ಯತ್ಯಾಸ ಎಂದು ಮಾಸ್ತರರು ವಿವರಿಸಿದರು. ಸೈತಾನ ಅಲ್ಲಿ ಸುಳ್ಳು ಹೇಳುವುದಿಲ್ಲ. ಒಂದು ತುಣುಕು ನುಂಗಿ ನಿಜವನ್ನೇ ಗೊಣಗುತ್ತಾನೆ. ನಾವು ಮೂರು ವಾರ ಶಬ್ದ ಹುಡುಕಿದೆವು. ಗುಂಡಿ, ತಗ್ಗು, ಹೊಂಡ. ನಾನು ಕಂದಕಕ್ಕೆ 'ಅಗಳು', ಸಾವಿಗೆ 'ಅಗಲಿಕೆ' ಎಂದು ಒಂದು ಜೋಡಿ ಒಯ್ದೆ.

"ಇದು ಪಂಡಿತರ ಆಟ ಆತು ಬಾಯಾರ. ಸಲಿಕಿ ಹಿಡದಾವ ಹಿಂಗ ಮಾತಾಡತಾನೇನು?" ಎಂದು ಹೊಡೆದುಹಾಕಿಸಿದರು. "ಮೊದಲ ಬರದಾಗ ಸರಿಯಾದ ಶಬ್ದ ಸಿಕ್ಕಿತ್ತು. ನಮ್ಮ ಮನೀದ ಶಬ್ದ. ನೀರಾಗ ಹೋತು, ನೆನಪಿಗಿ ಬರವಲ್ದು."

ಮುಂದಿನ ಗುರುವಾರ ನಾನು ಹೋದಾಗ ಕಟ್ಟೆ ಖಾಲಿ ಇತ್ತು. ಎಮ್ಮೆ ಗೂಟದ ಸುತ್ತ ತಿರುಗುತ್ತಿತ್ತು. ಸೊಸೆ ಓಣಿಯ ತುದಿಗೇ ಬಂದು ನಿಂತಿದ್ದಳು. ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

"ದೊಡ್ಡಮಾವಾರು ತೀರಿಕೊಂಡಾರ್ರಿ. ಮಂಗಳವಾರ ಎದಿ ನೂಸತೈತಿ ಅಂದ್ರು, ನಮ್ಮವರು ಮಿರಜಕ್ಕ ಒಯ್ದಿದ್ರು. ಇವತ್ತ ಮುಂಜಾನೆ ಆತು. ಹೆಣಾ ಆಂಬುಲೆನ್ಸಿನ್ಯಾಗ ಸೀದಾ ಹೊಲಕ್ಕ ತರತಾರ. ಮಾವಾಗ ಹೇಳಬ್ಯಾಡ್ರಿ. ಅವರ ಎದಿ ತಡಿಯೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಮಣ್ಣ ಆದ ಮ್ಯಾಲ ಹೇಳೂಣು ಅಂದಾರ ನಮ್ಮವರು."

ತಿರುಗಿ ಹೋಗಬಹುದಿತ್ತು. ಆದರೆ ಒಳಗೆ ಮಾಸ್ತರರಿಗೆ ನನ್ನ ಚಪ್ಪಲಿ ಆಗಲೇ ಕೇಳಿಸಿತ್ತು.

"ಬರ್ರಿ. ಇವತ್ತ ನೀವೊಬ್ಬರ ಬಂದೀರಿ."

ಅದು ಪ್ರಶ್ನೆಯಾಗಿರಲಿಲ್ಲ. ನಾನು ವಹಿ ಬಿಚ್ಚಿದೆ. ಅವರು ಸಾಲನ್ನು ಒಂದು ಸಲ ಹೇಳಿದರು, ಎರಡನೆಯ ಸಲ ಹೇಳುವಾಗ ಹಿತ್ತಲ ಹೊಲದಲ್ಲಿ ಸಲಿಕೆ ನೆಲಕ್ಕೆ ಬಿತ್ತು. ಆಮೇಲೆ ಇನ್ನೊಂದು. ಎರಡು ಸಲಿಕೆಗಳು ಒಂದಾದ ಮೇಲೊಂದು ಬೀಳತೊಡಗಿದವು. ಮಾಸ್ತರರು ತಲೆ ಓರೆ ಮಾಡಿದರು. ಅವರ ಮುಖ ಬೆಳಗಿತು. ಹಿಂದಿನ ವಾರಗಳಲ್ಲಿ ಬರೆದ ಎಡಪುಟದಲ್ಲಿ ಆ ಮುಖವಿತ್ತು: ಸಲಿಕೆಯ ಸದ್ದಿಗೆ ಹಿಗ್ಗುವ ಕುರುಡನ ಮುಖ.

ಸೊಸೆ ಚಹಾ ತಂದಳು. ತಾಟಿನಲ್ಲಿ ಎರಡೇ ಕಪ್ಪಿದ್ದವು.

"ಏನವ್ವ ಅದು ಸಪ್ಪಳ?"

"ಕುಣಿ ತಗ್ಯಾಕತ್ತಾರ್ರಿ ಮಾವ."

"ಕುಣಿ?"

"ಹೂಂ. ನೀವ ಹೇಳಿದ್ರೆಲ್ಲ, ತೆಂಗಿನ ಸಸಿ ಹಚ್ಚಬೇಕಂತ."

ಮಾಸ್ತರರು ತೊಡೆ ತಟ್ಟಿದರು. "ಕುಣಿ! ಬರಕೋರಿ ಬಾಯಾರ! ಇದs ಆ ಶಬ್ದ! ಸಸಿ ಹಚ್ಚೂದೂ ಕುಣಿ, ಹೆಣಾ ಇಡೂದೂ ಕುಣಿ. ತುಣುಕು ಸುದ್ದಾ ನುಂಗೂದು ಬ್ಯಾಡ. ಮುದುಕ ಒಂದು ಕೇಳತಾನ, ಸೈತಾನ ಇನ್ನೊಂದು ಹೇಳತಾನ. ಮ್ಯಾಲಿನ ಸಾಲ ನೋಡ್ರಿ, ಅಲ್ಲೆ ಅಗಿಯಾವರು ಹಾಡಕೋತ, ಚ್ಯಾಷ್ಟಿ ಮಾಡಕೋತ ಅಗೀತಾರ. ಕುಣಕೋತ ಕುಣಿ ತಗೀತಾರ! ಜರ್ಮನ್ಯಾಗ ಇಲ್ಲದ್ದು ನಮ್ಮಲ್ಲಿ ಐತಿ!"

ನಾನು ಬರೆದೆ. ಅಕ್ಷರ ಸೊಟ್ಟ ಬಿದ್ದವು. ಈಗಲೂ ಆ ಪುಟ ಹಾಗೇ ಇದೆ.

ಅವರ ನಗು ನಿಂತಿತು. ಸಲಿಕೆ ಬೀಳುತ್ತಲೇ ಇತ್ತು. ಅವರು ಕೇಳುತ್ತಿದ್ದರು, ನಾಲ್ಕು ತಿಂಗಳು ಓಣಿಯ ಹೆಜ್ಜೆ ಕೇಳಿದ ಕಿವಿಯಿಂದ.

"ತೆಂಗಿನ ಕುಣಿಯಾಗ ಮನಶ್ಯಾ ಇಳಿಯೂದಿಲ್ಲ. ಇದು ಒಳಗ ಇಳದ ಅಗಿಯೂ ಸಪ್ಪಳ. ಮಣ್ಣ ಮ್ಯಾಲ ಒಗ್ಯಾಕತ್ತಾರ. ಸಸಿ ಆರು ತರಸಂದಿದ್ದೆ. ಎಷ್ಟ ಕುಣಿ ತಗದಾರವ್ವ?"

ಸೊಸೆಗೆ ಸುಳ್ಳು ಹೇಳುವ ರೂಢಿ ಇರಲಿಲ್ಲ. "ಒಂದ್ರಿ" ಎಂದುಬಿಟ್ಟಳು.

ಅವರು ಅವಳನ್ನು ಮತ್ತೆ ಕೇಳಲಿಲ್ಲ. ನನ್ನ ಕಡೆ ತಿರುಗಿದರು. "ಬಾಯಾರ, ನೀವು ಹೇಳ್ರಿ. ನಿಮಗ ಕಣ್ಣ ಅದಾವ. ಯಾರಿಗಿ ಅದು?"

ಸೊಸೆ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ನನ್ನ ಚೀಲದಲ್ಲಿ ಆ ಮೇಲ್ವಿಚಾರಕನ ಚೀಟಿ ಇತ್ತು. 'ಮೋಸಹೋದವರು ಯಾರು' ಎಂಬ ಸಾಲಿನ ಎದುರು, 'ಕುರುಡ. ಸುಳ್ಳಿನಿಂದಲ್ಲ, ಅರ್ಧ ಹೇಳಿದ ನಿಜದಿಂದ' ಎಂದು ನನ್ನದೇ ಅಕ್ಷರದಲ್ಲಿತ್ತು. ಹೇಳಿದರೆ ಅವರ ಎದೆ ನಿಲ್ಲಬಹುದು. ಹೇಳದಿದ್ದರೆ ಇನ್ನೆರಡು ಗಂಟೆಯಲ್ಲಿ ಕುಣಿ ಮುಚ್ಚುತ್ತದೆ, ಅಣ್ಣನಿಗೆ ತಮ್ಮನ ಕೈಯ ಒಂದು ಹಿಡಿ ಮಣ್ಣು ಬೀಳುವುದಿಲ್ಲ. ಎಷ್ಟು ಹೊತ್ತು ಯೋಚಿಸಿದೆನೋ ತಿಳಿಯದು. ಸಲಿಕೆ ಏಳೆಂಟು ಸಲ ಬಿದ್ದಿರಬೇಕು.

"ಮೊದಲ ಸರ್ ಅವರ ಗುಳಿಗಿ ತರ್ರಿ" ಎಂದೆ ಸೊಸೆಗೆ. ಅವಳು ತಂದಳು. ಗುಳಿಗೆ ಅವರ ನಾಲಿಗೆಯ ಕೆಳಗೆ ಇಟ್ಟ ಮೇಲೆ, ಅವರ ಮಣಿಕಟ್ಟು ಹಿಡಿದುಕೊಂಡು ಹೇಳಿದೆ. "ಸರ್, ನಿಮ್ಮ ಅಣ್ಣಾರು ತೀರಿಕೊಂಡಾರ. ಇವತ್ತ ಮುಂಜಾನೆ, ಮಿರಜದಾಗ. ಇನ್ನೂ ತಂದಿಲ್ಲ. ಕುಣಿ ಅವರಿಗಿ."

ಅವರ ನಾಡಿ ನನ್ನ ಬೆರಳ ಕೆಳಗೆ ಓಡಿತು, ತಪ್ಪಿತು, ಮತ್ತೆ ಹಿಡಿಯಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಬರಿಗಾಲು ಇವತ್ತ ಬರಲಿಲ್ಲ. ಆವಾಗs ಗೊತ್ತಾಗಬೇಕಿತ್ತು."

ನನಗೆ ಅರ್ಥವಾಗಲಿಲ್ಲ. ಸೊಸೆ ಬಾಗಿಲಿಗೆ ಒರಗಿ ಕೂತು ಅಳುತ್ತ ಹೇಳಿದಳು. "ದೊಡ್ಡಮಾವ ಪ್ರತಿ ಗುರುವಾರ ನಿಮ್ಮ ಬೆನ್ನ ಹಿಂದ ಬರತಿದ್ರು ಅಕ್ಕಾ. ಕಿಡಕಿ ಕೆಳಗ ಕುಂಡರತಿದ್ರು. ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡಿದ್ರು. ಚಾ ಅಲ್ಲೇ ಕೊಡತಿದ್ದೆ."

"ನನಗ ಗೊತ್ತಿತ್ತು" ಎಂದರು ಮಾಸ್ತರರು. "ಅದಕ್ಕs ಬಾಯಾರ್ನ ಕೇಳತಿದ್ದೆ. ಒಮ್ಮೆರೆ ಹೊಳ್ಳಿ ನೋಡಿ, 'ಹೌದ್ರಿ, ಒಬ್ಬರು ಅದಾರ' ಅಂದಿದ್ರ, ಒಳಗ ಕರೀರಿ ಅಂತಿದ್ದೆ. ನಾನs ಬಾಯಿ ಬಿಟ್ಟ ಅಣ್ಣಾ ಅನ್ನಬೇಕಿತ್ತು. ಅನ್ನಲಿಲ್ಲ. ನಿಮ್ಮ ಕಡಿಂದ ಅನಸಾಕ ನೋಡಿದೆ."

ನಾನು ಪ್ರತಿ ವಾರ, ಆ ಕಿಟಕಿಗೆ ಕೇಳಿಸುವಷ್ಟು ಜೋರಾಗಿ, ಯಾರೂ ಇಲ್ಲ ಎಂದಿದ್ದೆ.

ಹೊರಗೆ ಹೋಗಿ ನೋಡಿದೆ. ಕಿಟಕಿಯ ಕೆಳಗೆ ಮಡಚಿದ ಗೋಣಿಚೀಲ. ಕೂತವನ ಬೆನ್ನಿಗೆ ಗೋಡೆ ನುಣ್ಣಗಾಗಿತ್ತು. ಕೈಗೆಟುಕುವ ಎತ್ತರದಲ್ಲಿ, ತಂಬಾಕು ತಿಕ್ಕಿದ ಮೇಲೆ ಬೆರಳು ಒರೆಸಿದ ಸುಣ್ಣದ ಗೀರುಗಳು, ಒಂದರ ಪಕ್ಕ ಒಂದು. ಎಣಿಸಲು ಮನಸ್ಸಾಗಲಿಲ್ಲ. ಹಳೆಯವು ಹಳದಿಗೆ ತಿರುಗಿದ್ದವು, ಬಲತುದಿಯದು ಇನ್ನೂ ಬೆಳ್ಳಗಿತ್ತು.

ಆಂಬುಲೆನ್ಸು ಐದು ಗಂಟೆಗೆ ಬಂತು. ಮಾಸ್ತರರ ಮಗ ಸಿಟ್ಟಾದ. "ಯಾರು ಹೇಳಾಕ ಹೇಳಿದ್ರು ನಿಮಗ?" ಎಂದು ನನ್ನ ಮೇಲೆ ಬಂದ. ಮಾಸ್ತರರು ಕೈಯೆತ್ತಿ ಅವನನ್ನು ತಡೆದರು. ಒಂದು ಕಡೆ ಸೊಸೆ, ಒಂದು ಕಡೆ ನಾನು ಹಿಡಿದು ಹೊಲಕ್ಕೆ ನಡೆಸಿದೆವು. ಅವರು ಚಪ್ಪಲಿ ಹಾಕಿಕೊಳ್ಳಲು ಒಪ್ಪಲಿಲ್ಲ. ಕುಣಿಯ ಅಂಚಿಗೆ ಕೂತು ಕೈಯಿಂದ ತಡವಿ ಆಳ ನೋಡಿದರು, ಅಣ್ಣನ ಪಾದ ಎಲ್ಲಿವೆ ಎಂದು ಕೇಳಿದರು. ಮಣ್ಣು ಮೂರು ಹಿಡಿ ಹಾಕಿದರು. ಮೂರನೆಯದನ್ನು ತಡವಾಗಿ ಬಿಟ್ಟರು.

ಹಿಂದಿರುಗುವಾಗ ಆಡಿದ್ದು ಒಂದೇ ಮಾತು. "ಅವನ ಎಮ್ಮಿ ಹಸಗೊಂಡಿರತೈತಿ. ನಮ್ಮ ಕೊಟಗೀಗಿ ತಂದ ಕಟ್ಟರಿ." ಮಹಾಪೂರದಲ್ಲಿ ದೋಣಿ ಏರಿದ ಕರು ಅದೇ.

ಒಂದು ತಿಂಗಳು ನಾನು ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ. ಆಮೇಲೆ ಸೊಸೆಯೇ ಫೋನ್ ಮಾಡಿದಳು. ಗುರುವಾರ ಓಣಿಯಲ್ಲಿ ಇಳಿದಾಗ ಕಬ್ಬು ಕಟಾವಾಗಿ ಬಯಲಾಗಿತ್ತು. ಮರೆಯಾಗಲು ಏನೂ ಇರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ದನಿ ಬಂತು.

"ಬರ್ರಿ ಬಾಯಾರ. ನಿಮ್ಮ ಕೂಡ ಯಾರು ಬಂದಾರ?"

ಈ ಸಲ ಬಾಯಿ ತೆರೆಯುವ ಮೊದಲು ಹಿಂತಿರುಗಿದೆ. ಓಣಿಯ ತುದಿಯವರೆಗೆ ನೋಡಿದೆ. ಮನೆಯ ಮೂಲೆ ಸುತ್ತಿ ಕಿಟಕಿಯ ಕೆಳಗೆ ನೋಡಿದೆ. ಗೋಣಿಚೀಲವನ್ನು ಯಾರೂ ತೆಗೆದಿರಲಿಲ್ಲ. ಬಲತುದಿಯ ಗೀರಿಗೆ ಬೆರಳಿಟ್ಟೆ. ಒಣಗಿತ್ತು. ಒಳಗೆ ಬಂದು ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಅವರು ತಲೆಯಾಡಿಸಿದರು. "ಎಲ್ಲಿಗಿ ಬಂದಿದ್ವಿ ನಾವು?"

"ಕುಣಿಗ್ರಿ ಸರ್."

"ಅಲ್ಲಿಂದ ಓದ್ರಿ."

ಸೊಸೆ ಚಹಾ ತಂದಳು. ತಾಟಿನಲ್ಲಿ ಮೂರು ಕಪ್ಪಿದ್ದವು. ನಾನು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿಕೊಂಡು, ಹೇಳಿಸಿಕೊಳ್ಳದೆಯೇ ಜೋರಾಗಿ ಓದತೊಡಗಿದೆ.